ಪದ ಪರಿಚಯ: ಸಂಗೀತ ಚಿಕಿತ್ಸೆ

ಮೊಬೈಲ್‌ನಲ್ಲಿ ಕೊಳಲು ಹಚ್ಚಿ ಅಜ್ಜಿಯ ತಲೆದಿಂಬಿನ ಪಕ್ಕ ಇಟ್ಟರೆ ಅದು ಸಂಗೀತ ಚಿಕಿತ್ಸೆ ಅಲ್ಲ. ಹಾಡು ಕೇಳಿಸಿದ್ದು, ಅಷ್ಟೇ. ಒಳ್ಳೆಯ ಕೆಲಸವೇ, ಆದರೆ ಹೆಸರು ಬೇರೆ. ಬಾಗಲಕೋಟೆ, ವಿಜಯಪುರದ ಕಡೆ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇರುವವರ ಮನೆಗೆ ಬಂದ ನೆಂಟರು, ಆರೈಕೆ ಮಾಡುವ ಸೊಸೆಗೆ ಹೇಳುವ ಮಾತು ಈಗ ಒಂದೇ: "ಮ್ಯೂಸಿಕ್ ಥೆರಪಿ ಮಾಡವ್ವಾ, ನಿನಗೂ ಟೆನ್ಶನ್ ಕಡಿಮಿ ಆಗತೈತಿ."

ಚಿಕಿತ್ಸೆಯ ಬೇರು ಸಂಸ್ಕೃತದ 'ಚಿತ್' ಧಾತು. ಗಮನಿಸು, ಅರಿ ಎಂದು ಅರ್ಥ. 'ಚಿಕಿತ್ಸಾ' ಅಂದರೆ ಗಮನಿಸಬೇಕೆಂಬ ಬಯಕೆ. ಜಿಜ್ಞಾಸೆ, ಪಿಪಾಸೆ ಕೂಡ ಹೀಗೇ ಹುಟ್ಟಿದವು: ತಿಳಿಯುವ ಬಯಕೆ, ಕುಡಿಯುವ ಬಯಕೆ. ಥೆರಪಿಯ ಮೂಲವಾದ ಗ್ರೀಕ್ ಪದ 'ಥೆರಪೆಯಾ'ಕ್ಕೆ ಸೇವೆ, ಆರೈಕೆ ಎಂಬ ಅರ್ಥವಿದೆ. ಎರಡರಲ್ಲೂ ಎದುರಿಗಿರುವವರನ್ನು ನೋಡುವುದು ಮೊದಲು, ಮದ್ದು ಆಮೇಲೆ. ಹಾಗಾಗಿ 'ನಿದ್ದೆಗೆ ಈ ರಾಗ, ಬಿ.ಪಿ.ಗೆ ಆ ರಾಗ' ಎಂದು ವಾಟ್ಸಾಪ್‌ನಲ್ಲಿ ಓಡಾಡುವ ಪಟ್ಟಿಯನ್ನು ದಯವಿಟ್ಟು ಚಿಕಿತ್ಸೆ ಅನ್ನಬೇಡಿ. ಅದರಲ್ಲಿ ರಾಗ ಇದೆ, ರೋಗ ಇದೆ, ಮನುಷ್ಯರೇ ಇಲ್ಲ.

ಸಂಗೀತ ಚಿಕಿತ್ಸೆ ಒಂದು ವೃತ್ತಿ. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಸೈನಿಕರ ಆಸ್ಪತ್ರೆಗಳಲ್ಲಿ ಬೆಳೆಯಿತು. 1944ರಲ್ಲಿ ಮಿಷಿಗನ್‌ನಲ್ಲಿ ಇದಕ್ಕೆ ಕೋರ್ಸ್ ಶುರುವಾಯಿತು. ತರಬೇತಿ ಪಡೆದವರು ಮೊದಲು ಮಾತಾಡಿಸುತ್ತಾರೆ, ಗುರಿ ಇಟ್ಟುಕೊಳ್ಳುತ್ತಾರೆ, ಬದಲಾವಣೆಯನ್ನು ಬರೆದಿಡುತ್ತಾರೆ. ಸಿಟ್ಟಿನಲ್ಲಿರುವವರಿಗೆ ಒಮ್ಮೆಲೇ ಮೆಲ್ಲನೆಯ ಕೊಳಲು ಕೇಳಿಸುವುದಿಲ್ಲ. ಆ ಸಿಟ್ಟಿಗೆ ಹೊಂದುವ ಜೋರು ತಾಳದಿಂದ ಹಿಡಿದು ನಿಧಾನಕ್ಕೆ ಇಳಿಸುವ ಕ್ರಮವೊಂದಿದೆ.

ಇನ್ನು ನನ್ನ ಮುಖ್ಯ ತಕರಾರು. ಅತ್ತೆಯನ್ನು ಸಮಾಧಾನ ಮಾಡಲು ಹಚ್ಚಿದ ಹಾಡು ಅತ್ತೆಗಾಗಿ. ಸೊಸೆಯ ಒತ್ತಡ ಇಳಿಸುವುದು ಬೇರೆಯೇ ಗುರಿ. ಅಲ್ಲಿ ಗಮನಿಸಬೇಕಾದದ್ದು ಅವಳನ್ನು. ರಾತ್ರಿ ಎಷ್ಟು ಸಲ ಎದ್ದಳು? ಹೊತ್ತಿಗೆ ಸರಿಯಾಗಿ ಉಂಡಳಾ? ಅವಳಿಗೆ ಯಾವ ಹಾಡು ಇಷ್ಟ? ಇದ್ಯಾವುದನ್ನೂ ಕೇಳದೆ ಸುಮ್ನೆ 'ಥೆರಪಿ ಮಾಡು' ಅಂದರೆ ಅವಳಿಗೆ ಇನ್ನೊಂದು ಕೆಲಸ ಜಾಸ್ತಿ ಆಯಿತು, ಅಲ್ವಾ?

ಫಿನ್ಲೆಂಡಿನ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅದರಲ್ಲಿ 89 ಜೋಡಿಗಳಿದ್ದವು. ಜೋಡಿಯಲ್ಲಿ ಒಬ್ಬರು ಡಿಮೆನ್ಷಿಯಾ ಇರುವವರು, ಇನ್ನೊಬ್ಬರು ಅವರ ಆರೈಕೆ ಮಾಡುವವರು. 10 ವಾರ ಒಂದು ಗುಂಪು ಹಾಡಿತು, ಒಂದು ಗುಂಪು ಹಾಡು ಕೇಳಿತು, ಮತ್ತೊಂದು ಗುಂಪಿಗೆ ಎಂದಿನ ಆರೈಕೆ ಮಾತ್ರ. ಆರೈಕೆ ಮಾಡುವವರ ನೆಮ್ಮದಿ ಹೆಚ್ಚಿದ್ದು ಹಾಡಿದ ಗುಂಪಿನಲ್ಲಿ. ಆ ಸಂಶೋಧಕರು ಇದನ್ನು 'ಸಂಗೀತ ಚಟುವಟಿಕೆ' ಎಂದು ಕರೆದರು. ಅಳೆದು ಬಳಸಿದ ಪದ ಅದು.

ನಮ್ಮ ಊರುಗಳಲ್ಲಿ ಅಮಾವಾಸ್ಯೆ ಭಜನೆಗೆ ತಪ್ಪದೆ ಹೋಗುತ್ತಿದ್ದ ಎಷ್ಟೋ ಹೆಣ್ಣುಮಕ್ಕಳು ಮನೆಯ ಹಿರಿಯರಿಗೆ ಮರೆವು ಬಂದಮೇಲೆ ಅದನ್ನು ಬಿಟ್ಟಿದ್ದಾರೆ. ಸಲಹೆ ಕೊಡುವ ನೆಂಟರು ಎರಡು ತಾಸು ಹಿರಿಯರ ಹತ್ತಿರ ಕೂತು, ಆ ಹೆಣ್ಣುಮಕ್ಕಳನ್ನು ಭಜನೆಗೆ ಕಳಿಸಲಿ. ಅದಕ್ಕೆ ಚಿಕಿತ್ಸೆ ಎಂಬ ಹೆಸರು ಬೇಕಿಲ್ಲ. ನಿದ್ದೆ ಪೂರ್ತಿ ಕೆಟ್ಟಿದ್ದರೆ, ಅಳು ನಿಲ್ಲದಿದ್ದರೆ ಮಾತ್ರ ಭಜನೆ ಸಾಲದು. ಮನೋವೈದ್ಯರನ್ನು ಕಾಣಬೇಕು, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬೇಕು.