ಮೂಲೆ ಆರಿಸುವುದು ಮೊಲವೇ

ಮೊಲ ಉಚ್ಚೆ ಹೊಯ್ಯುವುದನ್ನು ಒಮ್ಮೆ ಸುಮ್ನೆ ಕೂತು ನೋಡಿ. ಮೂಲೆಗೆ ಬೆನ್ನು ಮಾಡಿ ನಿಲ್ಲುತ್ತದೆ. ಹಿಂದಹಿಂದಕ್ಕೆ ಸರಿದು, ಇನ್ನೇನು ಗೋಡೆಗೆ ತಾಗಬೇಕು ಅನ್ನುವಾಗ ಬಾಲವನ್ನು ಚೂರು ಮೇಲೆತ್ತುತ್ತದೆ. ನಾಳೆಯೂ ಹೆಚ್ಚುಕಡಿಮೆ ಅದೇ ಮೂಲೆ. ನಾಡಿದ್ದೂ ಅದೇ.

ದೊಡ್ಡ ಮೊಲವನ್ನು ಮನೆಗೆ ತಂದವರು ‘ವಯಸ್ಸಾಗಿದೆ, ಇನ್ನೇನು ಕಲಿಯುತ್ತೆ’ ಅಂತ ಕೈಚೆಲ್ಲಿಬಿಡುತ್ತಾರೆ. ವಿಷಯ ಉಲ್ಟಾ. ಲಿಟರ್ ಟ್ರೇ, ಅಂದ್ರೆ ಉಚ್ಚೆ-ಹಿಕ್ಕೆಗೆ ಅಂತ ಇಡುವ ತಟ್ಟೆಯ ಅಭ್ಯಾಸ ಮರಿಗಿಂತ ದೊಡ್ಡ ಮೊಲಕ್ಕೇ ಬೇಗ ಹಿಡಿಸುತ್ತದೆ. ಯಾಕಂದ್ರೆ ಇದರಲ್ಲಿ ನಾವು ಕಲಿಸುವುದು ಕಡಿಮೆ.

ಸಾಕುಮೊಲಗಳೆಲ್ಲ ಯುರೋಪಿನ ಒಂದು ಕಾಡುಮೊಲದ ಸಂತತಿ. ನೆಲದೊಳಗೆ ಬಿಲ ತೋಡಿ ಗುಂಪಾಗಿ ಬದುಕುವ ಜಾತಿ ಅದು. ಬಿಲದ ಸುತ್ತಮುತ್ತ ಗೊತ್ತು ಮಾಡಿಕೊಂಡ ಜಾಗಗಳಲ್ಲಿ ಹಿಕ್ಕೆ ಗುಡ್ಡೆ ಹಾಕುತ್ತದೆ. ಗುದದ ಹತ್ತಿರದ ಗ್ರಂಥಿಗಳ ವಾಸನೆ ಆ ಹಿಕ್ಕೆಗೆ ಅಂಟಿಕೊಂಡಿರುತ್ತದೆ. ಬೇರೆ ಗುಂಪಿನ ಮೊಲ ಬಂದು ಮೂಸಿದರೆ ಇದು ಯಾರ ಜಾಗ ಅಂತ ಗೊತ್ತಾಗಬೇಕು, ಅಷ್ಟೇ. ಹೊಸ ಮನೆಗೆ ಬಂದ ಮೊಲ ಮೊದಮೊದಲು ಎಲ್ಲೆಂದರಲ್ಲಿ ಹಿಕ್ಕೆ ಉದುರಿಸುವುದೂ ಇದಕ್ಕೇ. ಕೊಳಕುತನ ಅಂತ ನಮಗೆ ಕಾಣುತ್ತದೆ. ಮೊಲ ಬೇಲಿ ಹಾಕುತ್ತಿದೆ.

ಹಾಗಾಗಿ ಶುರುವಿಗೆ ಇಡೀ ಮನೆ ಬಿಟ್ಟುಕೊಡಬೇಡಿ. ಸಣ್ಣ ಜಾಗದಲ್ಲಿ ಬಿಡಿ, ಯಾವ ಮೂಲೆ ಒದ್ದೆಯಾಗುತ್ತದೆ ನೋಡಿ, ಟ್ರೇಯನ್ನು ಅಲ್ಲಿಗೇ ತಂದಿಡಿ. ನಿಮಗೆ ಅನುಕೂಲವಾದ ಮೂಲೆಯಲ್ಲಿಟ್ಟು ‘ಇಲ್ಲೇ ಹೋಗು’ ಅಂತ ಹಟ ಹಿಡಿದರೆ, ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಕಥೆ ಆಗುತ್ತದೆ. ನಾಲ್ಕು ಕಾಲಿನ ಮೊಲವಂತೂ ಪಕ್ಕದ ಮೂಲೆಯಲ್ಲೇ ಕೆಲಸ ಮುಗಿಸಿರುತ್ತದೆ.

ಇನ್ನೊಂದು ಗುಟ್ಟು ಹೊಟ್ಟೆಯಲ್ಲಿದೆ. ಮೊಲದ ಕರುಳು ಹುಲ್ಲನ್ನು ಎರಡು ಪಾಲು ಮಾಡುತ್ತದೆ. ಒರಟು ನಾರು ಬೇಗ ಮುಂದೆ ಸಾಗಿ, ಒಣಗಿದ ಗುಂಡು ಹಿಕ್ಕೆಯಾಗಿ ಹೊರಬರುತ್ತದೆ. ನುಣ್ಣನೆಯ ಪಾಲು ಹಿಂದಕ್ಕೆ, ಸೀಕಮ್ ಎಂಬ ದೊಡ್ಡ ಚೀಲಕ್ಕೆ ಹೋಗಿ, ಅಲ್ಲಿನ ಸೂಕ್ಷ್ಮಜೀವಿಗಳಿಂದ ಹುಳಿಯುತ್ತದೆ. ಅದು ಸಣ್ಣ ದ್ರಾಕ್ಷಿಗೊಂಚಲಿನ ಹಾಗೆ ಮೆತ್ತಗೆ, ಹೊಳೆಯುತ್ತಾ ಬರುತ್ತದೆ. ಮೊಲ ಅದನ್ನು ನೆಲಕ್ಕೂ ಬೀಳಿಸದೆ ನೇರವಾಗಿ ಬಾಯಿಗೆ ತೆಗೆದುಕೊಂಡು ತಿನ್ನುತ್ತದೆ. ಅಸಹ್ಯ ಪಡಬೇಡಿ, ಅದರ ಬಿ ಜೀವಸತ್ವಗಳು ಇರುವುದು ಅದರಲ್ಲೇ. ಈ ಮೆತ್ತನೆಯ ಗೊಂಚಲು ದಿನಾ ನೆಲದ ಮೇಲೆ ಸಿಗುತ್ತಿದ್ದರೆ ಅದು ಅಭ್ಯಾಸದ ತಪ್ಪಲ್ಲ. ಆಹಾರದಲ್ಲಿ ಹುಲ್ಲು ಕಡಿಮೆಯಾಗಿ ಸಿಹಿ, ಪೆಲೆಟ್ ಎಂಬ ಗುಳಿಗೆಯಂಥ ಅಂಗಡಿ ತಿನಿಸು ಜಾಸ್ತಿಯಾಗಿರಬಹುದು. ಇಲ್ಲವೇ ಮೊಲ ದಪ್ಪಗಾಗಿ ಬಗ್ಗಲಾರದೆ ಇರಬಹುದು.

ಒಣ ಹಿಕ್ಕೆಯ ಲೆಕ್ಕ ಬೇರೆ. ದಿನಕ್ಕೆ 200ಕ್ಕೂ ಹೆಚ್ಚು ಬೀಳುವುದು ಮಾಮೂಲು. ಮೊಲ ಮೇಯುತ್ತಾ ಮೇಯುತ್ತಾನೇ ಹಿಕ್ಕೆ ಹಾಕುತ್ತದೆ. ಅದಕ್ಕೇ ಟ್ರೇಯ ಒಂದು ತುದಿಯಲ್ಲಿ ಒಣಹುಲ್ಲು ತುಂಬಿಡಬೇಕು. ಊಟದ ಮನೆಯಲ್ಲೇ ಕಕ್ಕಸ್ಸಾ ಅಂತ ನಮಗೆ ಮುಜುಗರ. ಮೊಲಕ್ಕೆ ಅದಕ್ಕಿಂತ ಸುಖ ಇನ್ನೊಂದಿಲ್ಲ. ಟ್ರೇ ಮಾತ್ರ ದೊಡ್ಡದಿರಲಿ, ಮೈ ಚಾಚಿ ತಿರುಗುವಷ್ಟು.

ಟ್ರೇಯ ತಳಕ್ಕೆ ಹಾಸಲು ಕಾಗದದ ಗುಳಿಗೆ ಒಳ್ಳೆಯದು. ಒದ್ದೆಯಾದರೆ ಗಟ್ಟಿ ಉಂಡೆಯಾಗುವ ಬೆಕ್ಕಿನ ಟ್ರೇಗೆ ಹಾಕುವ ಲಿಟರ್ ಪುಡಿ ಬೇಡವೇ ಬೇಡ. ಮೊಲ ಎಲ್ಲವನ್ನೂ ಕಡಿದು ನೋಡುವ ಪ್ರಾಣಿ, ಆದರೆ ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಕರುಳಲ್ಲೇ ಕಟ್ಟಿಕೊಳ್ಳಬಹುದು.

ಇಷ್ಟಾದರೂ ಗೋಡೆಗೆಲ್ಲ ಉಚ್ಚೆ ಚಿಮ್ಮಿಸುವ ಮೊಲಗಳಿವೆ. ಅಲ್ಲಿ ಆಡುತ್ತಿರುವುದು ಹಾರ್ಮೋನ್. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಹೆಚ್ಚಿನವು ಸುಧಾರಿಸುತ್ತವೆ, ಆದರೆ ಮರುದಿನವೇ ಅಲ್ಲ. ಹಾರ್ಮೋನ್ ಇಳಿಯಲು ಕೆಲವು ವಾರ ಬೇಕು. ಬೈಯುವುದು, ಹೊಡೆಯುವುದು ದಂಡ. ಬೇಟೆಗೆ ಸಿಕ್ಕುವ ಪ್ರಾಣಿ ಅದು, ನಿಮ್ಮನ್ನು ಕಂಡರೆ ಹೆದರುವುದನ್ನು ಮಾತ್ರ ಕಲಿಯುತ್ತದೆ.

ನೆಲ ಒರೆಸಲು ಬಿಳಿ ವಿನೆಗರ್ ಸಾಕು. ಮೊಲದ ದೇಹ ತಿಂದ ಆಹಾರದಿಂದ ಬೇಕೋ ಬೇಡವೋ ತುಂಬಾ ಕ್ಯಾಲ್ಸಿಯಂ ಹೀರಿಕೊಂಡು, ಮಿಕ್ಕಿದ್ದನ್ನು ಮೂತ್ರದಲ್ಲಿ ಬಿಡುತ್ತದೆ. ಒಣಗಿದ ಮೇಲೆ ಉಳಿಯುವ ಸುಣ್ಣದಂಥ ಬಿಳಿ ಕಲೆ ಅದೇ. ವಿನೆಗರಿನ ಹುಳಿ ಆ ಸುಣ್ಣವನ್ನು ಕರಗಿಸುತ್ತದೆ, ವಾಸನೆಯೂ ತಗ್ಗುತ್ತದೆ. ಟ್ರೇಯನ್ನು ಮಾತ್ರ ಅಷ್ಟು ಚೊಕ್ಕ ಮಾಡಬೇಡಿ. ಒಂದು ಹಿಡಿ ಹಳೆ ಹುಲ್ಲು, ನಾಲ್ಕು ಹಿಕ್ಕೆ ಅಲ್ಲೇ ಇರಲಿ. ವಾಸನೆಯೇ ಅದಕ್ಕೆ ವಿಳಾಸ, ಅಲ್ವಾ?

ಉಚ್ಚೆ ಕೆಲವು ವಾರಗಳಲ್ಲಿ ಟ್ರೇಗೆ ಸೇರುತ್ತದೆ. ನಾಲ್ಕಾರು ಹಿಕ್ಕೆ ಹೊರಗೆ ಬೀಳುವುದು ಕೊನೆತನಕ ಇದ್ದದ್ದೇ, ಪೊರಕೆ ಹತ್ತಿರ ಇಟ್ಟುಕೊಳ್ಳಿ.

ಆದರೆ ವರ್ಷಗಟ್ಟಲೆ ಸರಿಯಾಗಿದ್ದ ಮೊಲ ಇದ್ದಕ್ಕಿದ್ದಂತೆ ತಪ್ಪಿದರೆ ಅದು ಮೊಂಡುತನ ಅಂದುಕೊಳ್ಳಬೇಡಿ. ಮೂತ್ರದ ಸೋಂಕು, ಮೂತ್ರಚೀಲದಲ್ಲಿ ಕಟ್ಟಿದ ಸುಣ್ಣದ ಕೆಸರು, ಕೀಲುನೋವು ಇರಬಹುದು, ಪಶುವೈದ್ಯರಿಗೆ ತೋರಿಸಿ. ನಮ್ಮ ಮನೆಯ ಮುದಿ ಮೊಲ ಟ್ರೇಯ ಅಂಚಿಗೆ ಮುಂಗಾಲು ಊರಿ ನಿಲ್ಲುತ್ತಿತ್ತು. ಹಿಂಗಾಲು ಮೇಲೇಳುತ್ತಿರಲಿಲ್ಲ. ಕೊನೆಗೆ ಪಕ್ಕದಲ್ಲೇ ಕೂತು ಮುಗಿಸುತ್ತಿತ್ತು. ವೈದ್ಯರು ನೋವಿಗೆ ಔಷಧಿ ಕೊಟ್ಟರು. ನಾವು ಟ್ರೇಯ ಒಂದು ಬದಿಯನ್ನು ಎರಡು ಬೆರಳೆತ್ತರ ಉಳಿಸಿ ಕತ್ತರಿಸಿ, ಅಂಚಿಗೆ ಟೇಪ್ ಸುತ್ತಿದೆವು. ಅದು ಬಂದು ಟೇಪ್ ಮೂಸಿತು, ಒಳಗೆ ಕಾಲಿಟ್ಟಿತು, ಮೂಲೆಗೆ ಬೆನ್ನು ತಿರುಗಿಸಿತು.