‘ಪ್ರಿಂಟ್’ ಎಂಬ ಪದದ ಎರಡು ಬಾಳು

“ಅಣ್ಣ, ಪ್ರಿಂಟ್ ಬಂದದೆ, ಕಳಿಸ್ಲಾ?”

ಶುಕ್ರವಾರ ತೆರೆಗೆ ಬಂದ ಸಿನಿಮಾದ ಬಗ್ಗೆ ಶನಿವಾರವೇ ಮಂಡ್ಯದ ಟೀ ಅಂಗಡಿಯಲ್ಲಿ ಕಿವಿಗೆ ಬೀಳುವ ಮಾತಿದು. “ಥಿಯೇಟರ್ ಪ್ರಿಂಟಾ, ಎಚ್‌ಡಿನಾ?” ಅನ್ನುವುದು ಮರುಪ್ರಶ್ನೆ. ಪರದೆಯ ಎದುರು ಕೂತು ಮೊಬೈಲಿನಲ್ಲಿ ಕದ್ದು ಹಿಡಿದದ್ದು ಥಿಯೇಟರ್ ಪ್ರಿಂಟ್. ಎಚ್‌ಡಿ ಪ್ರಿಂಟ್ ಸಾಮಾನ್ಯವಾಗಿ ಸಿನಿಮಾ ಒಟಿಟಿಗೆ ಬಂದ ಮೇಲೆ ಅಲ್ಲಿಂದ ಎತ್ತಿದ್ದು. ಎರಡೂ ಕಳ್ಳಮಾಲೇ.

ಈ ಪದಕ್ಕೆ ಹಿಂದೆ ಮರ್ಯಾದೆಯ ಅರ್ಥವಿತ್ತು. ಲ್ಯಾಬಿನಲ್ಲಿ ನೆಗೆಟಿವ್‌ನಿಂದ ತೆಗೆದ 35 ಎಂಎಂ ಫಿಲ್ಮಿನ ಪ್ರತಿಯೇ ಪ್ರಿಂಟ್. ಸಾವಿರ ಅಡಿಯ ರೀಲು ಓಡುವುದು 11 ನಿಮಿಷ. ಎರಡೂವರೆ ಗಂಟೆಯ ಸಿನಿಮಾಕ್ಕೆ ಸುಮಾರು 14 ರೀಲು. ಒಂದೊಂದು ಪ್ರಿಂಟಿಗೂ ಹತ್ತಾರು ಸಾವಿರ ರೂಪಾಯಿ ಬೀಳುತ್ತಿದ್ದರಿಂದ ನಿರ್ಮಾಪಕರು ಎಣಿಸಿ ಹಾಕಿಸುತ್ತಿದ್ದರು. ಮೈಸೂರು, ಮಂಡ್ಯ, ಕೊಡಗು, ಹಾಸನ ಸೇರಿದ ‘ಎಂಎಂಸಿಎಚ್’ ಏರಿಯಾದ ಹಂಚಿಕೆದಾರರ ಕೈಗೆ ಪ್ರಿಂಟಿನ ಕೆಲವೇ ಡಬ್ಬಗಳು. ಮೊದಲು ದೊಡ್ಡ ಊರಿನ ಟಾಕೀಸು, ಆಮೇಲೆ ಮದ್ದೂರು, ನಾಗಮಂಗಲ, ಕೊನೆಗೆ ಟೆಂಟು. ಅಷ್ಟು ಹೊತ್ತಿಗೆ ಪ್ರಿಂಟಿನ ಮೈತುಂಬ ಗೆರೆ. ಆದರೂ ಜನ ಕಾಯುತ್ತಿದ್ದರು, ಆ ಕಾಯುವಿಕೆಯೇ ದುಡ್ಡಾಗುತ್ತಿತ್ತು.

ಈಗ ಸಿನಿಮಾ ಬೀಗ ಹಾಕಿದ ಡಿಜಿಟಲ್ ಫೈಲಾಗಿ, ಹಾರ್ಡ್ ಡಿಸ್ಕಿನಲ್ಲೋ ಉಪಗ್ರಹದ ಮೂಲಕವೋ ಥಿಯೇಟರಿಗೆ ಬರುತ್ತದೆ. ಇನ್ನೊಂದು ಪ್ರತಿ ತೆಗೆಯುವುದು ಕಷ್ಟವೇ ಅಲ್ಲ. ಪ್ರತಿಗಳ ಕೊರತೆ ಹೋಗಿದ್ದರಿಂದ ಉದ್ಯಮ ದಿನಗಳ ಅಂತರವನ್ನು ಮಾರತೊಡಗಿತು: ಮೊದಲು ಥಿಯೇಟರ್, ಕೆಲವು ವಾರ ಬಿಟ್ಟು ಒಟಿಟಿ, ಆಮೇಲೆ ಟೀವಿ. ಈ ಅಂತರಕ್ಕೆ ‘ವಿಂಡೋ’ ಎನ್ನುತ್ತಾರೆ. ದಕ್ಷಿಣದ ಸಿನಿಮಾಗಳಿಗೆ ಬಹುಪಾಲು ನಾಲ್ಕು ವಾರ, ಹಿಂದಿಗೆ ಎಂಟು. ಕದ್ದ ಪ್ರಿಂಟ್ ಈ ಮೂರೂ ಬಾಗಿಲನ್ನು ಒಂದೇ ಏಟಿಗೆ ಒಡೆಯುತ್ತದೆ.

ಏಟು ಯಾರಿಗೆ ಹೆಚ್ಚು? ನಮ್ಮ ರಾಜ್ಯದ ಒಂಟಿ ಪರದೆಯ ಥಿಯೇಟರುಗಳಲ್ಲಿ ಬಾಡಿಗೆ ಪದ್ಧತಿ ಬಹುಕಾಲದಿಂದ ಇದೆ. ಸೀಟು ಖಾಲಿ ಹೊಡೆದರೂ ಸಿನಿಮಾದವರು ವಾರದ ಬಾಡಿಗೆ ಕಟ್ಟಬೇಕು. ಮೇಲಾಗಿ ಸಣ್ಣ ಕನ್ನಡ ಸಿನಿಮಾಕ್ಕೆ ಒಟಿಟಿಯಿಂದ ಮುಂಗಡ ಸಿಗುವುದು ಅಪರೂಪ. ಹಾಗಾಗಿ ಮೊದಲ ಮೂರು ದಿನದ ಟಿಕೆಟ್ಟೇ ಅವರ ಜೀವ. ದೊಡ್ಡ ಸ್ಟಾರ್ ಸಿನಿಮಾ ತಡೆದುಕೊಂಡೀತು, ಹೊಸಬರದ್ದು ತಡೆಯುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಇತ್ತ ಪ್ರಿಂಟ್ ಹಂಚುವ ತಾಣಗಳು ಬೆಟ್ಟಿಂಗ್ ಜಾಹೀರಾತಿನಲ್ಲಿ ದುಡಿಯುತ್ತವೆ. ನೋಡುವವನಿಗೆ ಪುಕ್ಕಟೆ, ಹಂಚುವವನಿಗೆ ವ್ಯಾಪಾರ.

ಪ್ರಿಂಟ್ ನೋಡುವವರಲ್ಲಿ, ಹತ್ತಿರದ ಟಾಕೀಸು ಮುಚ್ಚಿಹೋಗಿ ದಾರಿ ಕಾಣದವರ ಪಾಡೂ ಇದೆಯೆನ್ನಿ. ಮೈಸೂರಿನ ಶಾಂತಲಾ 2020ರಲ್ಲೇ ಬಾಗಿಲು ಹಾಕಿತು. ಸಂಸಾರ ಸಮೇತ ಮಾಲ್‌ನ ಥಿಯೇಟರಿಗೆ ಹೋಗುವ ಖರ್ಚು ಎಲ್ಲರ ಕೈಗೂ ಎಟುಕುವುದಿಲ್ಲ.

2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯ ಪ್ರಕಾರ ಥಿಯೇಟರಿನಲ್ಲಿ ಸಿನಿಮಾವನ್ನು ಕದ್ದು ಚಿತ್ರಿಸಿದರೆ 3 ತಿಂಗಳಿನಿಂದ 3 ವರ್ಷ ಜೈಲು. ದಂಡ ಕನಿಷ್ಠ 3 ಲಕ್ಷ ರೂಪಾಯಿ; ನಿರ್ಮಾಣ ವೆಚ್ಚದ ಶೇ 5ರವರೆಗೂ ಏರಬಹುದು. ಹಿಡಿಯಲು ದಾರಿಯೂ ಇದೆ. ಡಿಜಿಟಲ್ ಪ್ರೊಜೆಕ್ಟರ್ ಪ್ರತಿ ಆಟದಲ್ಲೂ ಕಣ್ಣಿಗೆ ಕಾಣದ ಗುರುತೊಂದನ್ನು ಚಿತ್ರದೊಳಗೆ ಬೆರೆಸುತ್ತದೆ: ಯಾವ ಥಿಯೇಟರ್, ಯಾವ ದಿನ, ಎಷ್ಟು ಹೊತ್ತಿನ ಆಟ. ಮೊಬೈಲಿನಲ್ಲಿ ಹಿಡಿದರೂ ಅದು ಉಳಿಯುವಂತೆ ಮಾಡಿರುತ್ತಾರೆ. “ಕಳಿಸ್ಲಾ?” ಅಂದ ಹುಡುಗನ ಫೋನಿನಲ್ಲಿರುವ ಪ್ರಿಂಟಿನಲ್ಲೂ ಅದು ಇರಬಹುದು.