ಮಾರಿಯೋ ಟ್ಯೂನ್ ಕೇಳಿದರೆ ಗಂಟಲು ಯಾಕೆ ಕಟ್ಟುತ್ತದೆ?

ಪ್ರಶ್ನೆ: ನನಗೀಗ 39. ಮೊನ್ನೆ ಮಗ ಫೋನಿನಲ್ಲಿ ಏನೋ ನೋಡುತ್ತಿದ್ದ. ಅದರಲ್ಲಿ, ಚಿಕ್ಕಂದಿನಲ್ಲಿ ತಂಗಿಯ ಜೊತೆ ಆಡುತ್ತಿದ್ದ ಮಾರಿಯೋ ವಿಡಿಯೋ ಗೇಮಿನ ಹಳೇ ಟ್ಯೂನ್ ಬಂತು. ಗಂಟಲು ಕಟ್ಟಿತು, ಕಣ್ಣು ತುಂಬಿತು. ಆ ಕಾಲದ ಸಿನಿಮಾ ಹಾಡು ಕೇಳಿದರೂ ನನಗೆ ಹೀಗಾಗುವುದಿಲ್ಲ. ಬರೀ ಟುಣುಟುಣು ಸದ್ದಿಗೆ ಇಷ್ಟು ಶಕ್ತಿ ಎಲ್ಲಿಂದ ಬಂತು?

ಉತ್ತರ: ಇದೇ ಪ್ರಶ್ನೆಯನ್ನು ತುಂಬ ಜನ ಕೇಳುತ್ತಾರೆ. ಹೆಚ್ಚಿನವರು ತೊಂಬತ್ತರ ದಶಕದಲ್ಲಿ ಶಾಲೆಗೆ ಹೋದವರು. ಕೆಲವರಿಗೆ ಮಾರಿಯೋ, ಕೆಲವರಿಗೆ ಕಾಂಟ್ರಾ ಎಂಬ ಇನ್ನೊಂದು ಗೇಮ್. ಎಲ್ಲರೂ ಸ್ವಲ್ಪ ಸಂಕೋಚದಿಂದಲೇ ಕೇಳುತ್ತಾರೆ. ಸಂಕೋಚ ಬೇಡ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ, ಸಿನಿಮಾ ಹಾಡಿನ ಮಾತಿನಲ್ಲಿ.

ಆ ಕಾಲದ ಸಿನಿಮಾ ಹಾಡು ನಿಮ್ಮನ್ನು ಬಿಟ್ಟು ಹೋಗಲೇ ಇಲ್ಲ, ಅಲ್ವಾ? ಬಸ್ಸಿನಲ್ಲಿ ಕೇಳಿದಿರಿ, ಮದುವೆ ಮನೆಯಲ್ಲಿ ಕೇಳಿದಿರಿ, ಗಣೇಶನ ಪೆಂಡಾಲಿನಲ್ಲಿ, ಎಫ್‌ಎಂನಲ್ಲಿ, ಕಾಲೇಜ್ ಟೂರಿನಲ್ಲಿ ಕೇಳಿದಿರಿ. ಪ್ರತಿ ಸಲವೂ ಆ ಹಾಡಿಗೆ ಇನ್ನೊಂದು ನೆನಪು ಅಂಟಿಕೊಂಡಿತು. ಒಂದೇ ಮೊಳೆಗೆ ಹತ್ತು ಅಂಗಿ ನೇತುಹಾಕಿದರೆ ಯಾವ ಅಂಗಿಯೂ ಸರಿಯಾಗಿ ಕಾಣುವುದಿಲ್ಲ. ನೆನಪಿನ ಬಗ್ಗೆ ಅಧ್ಯಯನ ಮಾಡುವವರೂ ಇದನ್ನೇ ಹೇಳುತ್ತಾರೆ: ಒಂದು ಸುಳಿವಿಗೆ ನೆನಪುಗಳು ಹೆಚ್ಚಿದಷ್ಟೂ, ಅದು ಯಾವುದೇ ಒಂದನ್ನು ಎಳೆದು ತರುವ ಶಕ್ತಿ ಕಡಿಮೆಯಾಗುತ್ತದೆ.

ಗೇಮ್ ಟ್ಯೂನಿನ ಕತೆ ಬೇರೆ. ಟಿವಿಗೆ ಜೋಡಿಸಿ ಆಡುತ್ತಿದ್ದ ಆ ಗೇಮ್ ಪೆಟ್ಟಿಗೆ ಅಟ್ಟ ಸೇರಿದ ದಿನವೇ ಅದರ ಸದ್ದೂ ನಿಂತಿತು. ಮದುವೆಯಲ್ಲಿ ಯಾರೂ ಅದನ್ನು ನುಡಿಸಲಿಲ್ಲ. ಮೊಳೆ ಒಂದು, ಅಂಗಿ ಒಂದೇ. ಹಾಗಾಗಿ ಇಪ್ಪತ್ತೈದು ವರ್ಷದ ಮೇಲೆ ಅದು ಕಿವಿಗೆ ಬಿದ್ದಾಗ ನೇರವಾಗಿ ಆ ಕೋಣೆಗೇ ಕರೆದುಕೊಂಡು ಹೋಗುತ್ತದೆ. ತಣ್ಣನೆಯ ರೆಡ್ ಆಕ್ಸೈಡ್ ನೆಲ, ಟಿವಿಯ ತೀರಾ ಹತ್ತಿರ ಕೂತದ್ದಕ್ಕೆ ಬಿದ್ದ ಬೈಗುಳ, ಎರಡನೇ ಕಂಟ್ರೋಲರ್ ಹಿಡಿದು ತನ್ನ ಸರದಿಗೆ ಕಾಯುತ್ತಿದ್ದ ತಂಗಿ.

ಅದರಲ್ಲೂ ಮೊದಲ ಲೆವೆಲ್ಲಿನ ಟ್ಯೂನೇ ಜಾಸ್ತಿ ಕಾಡುತ್ತದೆ. ಸೂಪರ್ ಮಾರಿಯೋ ಬ್ರದರ್ಸ್ ಗೇಮಿನಲ್ಲಿ ಆಟ ಉಳಿಸಿಡುವ ಸೌಲಭ್ಯ ಇರಲಿಲ್ಲ. ಮೂರು ಜೀವ ಮುಗಿದರೆ ಮತ್ತೆ ಮೊದಲಿನಿಂದ. ನಮ್ಮ ಕಡೆ ಇನ್ನೊಂದು ಕಾರಣವೂ ಇತ್ತು: ಬೇಸಿಗೆ ರಜೆಯಲ್ಲಿ ಆಟದ ನಾಲ್ಕನೇ ಲೋಕದ ಬಾಗಿಲಿಗೆ ಬಂದ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುತ್ತಿತ್ತು. ಕರೆಂಟ್ ಬಂದ ಮೇಲೆ ಗೇಮ್ ಕ್ಯಾಸೆಟ್ ತೆಗೆದು, ಊದಿ, ಮತ್ತೆ ಹಾಕಿ ಶುರು. ಕೊನೆಯ ಲೆವೆಲ್ ನೋಡದವರಿಗೂ ಮೊದಲ ಲೆವೆಲ್ಲಿನ ಸಂಗೀತ ಸಾವಿರ ಸಲ ಕೇಳಿ ಬಾಯಿಪಾಠ. ಮಗ್ಗಿ ಕಲಿತದ್ದೂ ಹಾಗೇ ತಾನೇ?

'ಬರೀ ಟುಣುಟುಣು ಸದ್ದು' ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. 1985ರಲ್ಲಿ ಬಂದ ಆ ಆಟದ ಗಾತ್ರ ಒಟ್ಟು 40 ಕಿಲೋಬೈಟ್. ಚಿತ್ರ, ಲೆವೆಲ್, ಸಂಗೀತ ಎಲ್ಲ ಸೇರಿ ಅಷ್ಟೇ. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೋ ಅದರ ಎಷ್ಟೋ ಪಟ್ಟು ದೊಡ್ಡದು. ಅಷ್ಟು ಇಕ್ಕಟ್ಟಿನಲ್ಲಿ ಉದ್ದದ ಹಾಡು ಇಡಲು ಆಗುವುದಿಲ್ಲ. ಚಿಕ್ಕ ಟ್ಯೂನ್ ಸುತ್ತುತ್ತಲೇ ಇರಬೇಕು, ನೂರನೇ ಸುತ್ತಿಗೂ ಬೇಸರ ತರಬಾರದು. ಆ ಆಟಕ್ಕೆ ಸಂಗೀತ ಕೊಟ್ಟ ಕೋಜಿ ಕೊಂಡೋ ಅದನ್ನು ಮಾಡಿ ತೋರಿಸಿದರು. ಮಾರಿಯೋ ಓಡುವ, ಹಾರುವ ಲಯಕ್ಕೆ ಕೂಡುವಂಥ ಟ್ಯೂನ್ ಕಟ್ಟಿದರು. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಕಾಪಾಡಬೇಕಾದ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಗೇಮ್ ಸಂಗೀತವೊಂದು ಆ ಪಟ್ಟಿಗೆ ಸೇರಿದ್ದು ಅದೇ ಮೊದಲು.

ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇನ್ನೊಂದಿದೆ. ಆ ಗೇಮ್ ಪೆಟ್ಟಿಗೆಯ ಚಿಪ್‌ನಲ್ಲಿ ಸದ್ದಿಗೆ ಇದ್ದದ್ದು ಐದೇ ದಾರಿ. ಎರಡರಲ್ಲಿ ರಾಗ, ಒಂದರಲ್ಲಿ ಕೆಳದನಿ, ಒಂದರಲ್ಲಿ ತಾಳದಂಥ ಚುಸ್ ಚುಸ್ ಸದ್ದು, ಇನ್ನೊಂದರಲ್ಲಿ ರೆಕಾರ್ಡ್ ಮಾಡಿದ ಚಿಕ್ಕ ಧ್ವನಿ ತುಣುಕು. ನೀವು ಬಟನ್ ಒತ್ತಿ ಮಾರಿಯೋ ಹಾರಿದಾಗ ಬರುವ ಸದ್ದಿಗೂ ಜಾಗ ಬೇಕಲ್ಲ? ಅದು ಸಂಗೀತದ ಒಂದು ದಾರಿಯನ್ನೇ ಕ್ಷಣಕಾಲ ಕಿತ್ತುಕೊಳ್ಳುತ್ತಿತ್ತು. ಆ ಕ್ಷಣ ಒಂದು ಸ್ವರ ಸುಮ್ಮನಾಗುತ್ತಿತ್ತು. ಅಂದರೆ ನೀವು ಹಾರಿದಾಗೆಲ್ಲ ಆ ಹಾಡು ನಿಮ್ಮ ಕೈಯಲ್ಲೇ ಸ್ವಲ್ಪ ಬದಲಾಗುತ್ತಿತ್ತು. ನೀವು ಕೇಳಿದ್ದು ನಿಮ್ಮ ಹೆಬ್ಬೆರಳೂ ಸೇರಿ ನುಡಿಸಿದ ಹಾಡು. ಪರದೆಯ ಮೇಲೆ ಇಳಿಯುತ್ತಿದ್ದ ಟೈಮ್ 100ಕ್ಕಿಂತ ಕೆಳಗಿಳಿದರೆ ಸಂಗೀತ ಓಡತೊಡಗುತ್ತಿತ್ತು, ಎದೆಯೂ ಅದರ ಜೊತೆ ಓಡುತ್ತಿತ್ತು. ಸಿನಿಮಾ ಹಾಡನ್ನು ನಾವು ಕೂತು ಕೇಳಿದೆವು. ಇದರ ಒಳಗೆ ನಾವೇ ಇದ್ದೆವು.

ವಯಸ್ಸಿನ ಪಾತ್ರವೂ ಇದೆ. ಸುಮಾರು ಹತ್ತರಿಂದ ಮೂವತ್ತರ ನಡುವಿನ ನೆನಪುಗಳು ಉಳಿದ ವಯಸ್ಸಿನವಕ್ಕಿಂತ ದಟ್ಟವಾಗಿ ಉಳಿಯುತ್ತವೆ.

ಅಳು ಯಾಕೆ ಅನ್ನುವುದಕ್ಕೆ ಹಳೆಯದೊಂದು ಮಾತಿದೆ. 'ನಾಸ್ಟಾಲ್ಜಿಯಾ' ಅನ್ನುವ ಪದವನ್ನು 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ ವಿದ್ಯಾರ್ಥಿ ಕಟ್ಟಿದ. ಗ್ರೀಕಿನಲ್ಲಿ ಮನೆಗೆ ಮರಳುವುದು ಮತ್ತು ನೋವು, ಈ ಎರಡು ಪದ ಸೇರಿಸಿ. ಪರದೇಶದಲ್ಲಿದ್ದ ಸ್ವಿಸ್ ಸೈನಿಕರು ತಮ್ಮ ಬೆಟ್ಟದ ದನಗಾಹಿಗಳ ಹಾಡು ಕೇಳಿದರೆ ಮನೆಯ ಹಂಬಲದಲ್ಲಿ ಕುಗ್ಗಿಹೋಗುತ್ತಿದ್ದರು ಎಂದು ಆ ಕಾಲದವರು ನಂಬಿದ್ದರು. ಅವರಿಗಾದರೂ ಮರಳಲು ಊರು ಇತ್ತು. ನಿಮ್ಮನ್ನು ಕರೆಯುತ್ತಿರುವುದು ಒಂದು ಮಧ್ಯಾಹ್ನ. ಅಲ್ಲಿಗೆ ಬಸ್ಸಿಲ್ಲ. ತಂಗಿಗೂ ಈಗ ಮಕ್ಕಳಿದ್ದಾರೆ, ಕೆಲವರಿಗೆ ಆ ಮನೆಯೇ ಇಲ್ಲ. ಖುಷಿ ಮತ್ತು ಸಂಕಟ ಒಟ್ಟಿಗೇ ಬಂದಾಗ ಕಣ್ಣು ತುಂಬುವುದು ಸಹಜ.

'ಹಾಗಾದರೆ ದಿನಾ ಕೇಳಬಹುದಾ?' ಎಂದೂ ಕೆಲವರು ಕೇಳುತ್ತಾರೆ. ನನ್ನ ಸಲಹೆ, ಬೇಡ. ನಾನು ಒಮ್ಮೆ ಕಾಂಟ್ರಾ ಟ್ಯೂನನ್ನು ರಿಂಗ್‌ಟೋನ್ ಮಾಡಿಕೊಂಡಿದ್ದೆ. ಎರಡೇ ತಿಂಗಳಲ್ಲಿ ಅದು ಆಫೀಸ್ ಕರೆಗಳ ಸದ್ದಾಗಿಬಿಟ್ಟಿತು. ಆ ಒಂದೇ ಮೊಳೆಗೆ ನಾನೇ ಹತ್ತು ಅಂಗಿ ನೇತುಹಾಕಿದ್ದೆ. ಇವತ್ತಿಗೂ ಅದಕ್ಕೆ ಬೇಸರವಿದೆ.

ಕೊನೆಗೆ ಒಂದು ಚಿಕ್ಕ ಪ್ರಯೋಗ. ಯೂಟ್ಯೂಬ್‌ನಲ್ಲಿ ಈ ಟ್ಯೂನ್ ಕೇಳುವಾಗ 'ಇದು ಸ್ವಲ್ಪ ಬೇಗ ಓಡುತ್ತಿದೆ' ಅಂತ ಅನ್ನಿಸಿದೆಯಾ? ಅದು ನಿಮ್ಮ ಭ್ರಮೆ ಇರಲಿಕ್ಕಿಲ್ಲ. ಜಪಾನ್, ಅಮೆರಿಕದ ಟಿವಿಗಳು ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತಿದ್ದವು. ನಮ್ಮ ಟಿವಿಗಳು 50 ಸಲ. ಆಟದ ಸಂಗೀತ ಆ ಎಣಿಕೆಯನ್ನೇ ಹಿಡಿದು ನಡೆಯುತ್ತಿತ್ತು. ಹಾಗಾಗಿ ನಮ್ಮ ಟಿವಿಗೆಂದು ತಯಾರಾದ ನಕಲು ಗೇಮ್ ಪೆಟ್ಟಿಗೆಗಳಲ್ಲಿ ಮಾರಿಯೋ ತುಸು ನಿಧಾನವಾಗಿ ಹಾಡುತ್ತಿದ್ದ. ಸೆಟ್ಟಿಂಗಿಗೆ ಹೋಗಿ ವೇಗವನ್ನು 0.85ಕ್ಕೆ ಇಳಿಸಿ. ಹೆಡ್‌ಫೋನ್ ಬೇಡ, ಫೋನಿನ ಚಿಕ್ಕ ಸ್ಪೀಕರಿನಲ್ಲೇ ಕೇಳಿ. ಆಗುವುದಾದರೆ ತಂಗಿಗೂ ಫೋನ್ ಹಚ್ಚಿ ಕೇಳಿಸಿ.